ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು: ಬೈಬಲನ್ನು ನಂಬುವುದೆಂತು, ಓದುವುದೆಂತು?

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಮಿಡಲ್ಸ್‌ಬರೊ ಎಂಬ ಪುಟ್ಟ ಪಟ್ಟಣವಿದೆ. 2014ರ ಫೆಬ್ರವರಿ 15ರ ಶನಿವಾರ ಅಲ್ಲಿನ ಒಂದು ಚಿಕ್ಕ ಚರ್ಚಿನಲ್ಲಿ ಆರಾಧನೆ ನಡೆಯುತ್ತಿದ್ದಾಗ, ಸಭಾಪಾಲಕ ಜೇಮಿ ಕೂಟ್ಸ್ ಅವರ ಬಲಗೈಗೆ ವಿಷಸರ್ಪವೊಂದು ಕಚ್ಚಿತು. ಹಾವು ಹೊರಗಿನಿಂದ ಬಂದದ್ದಲ್ಲ. ಬಾಲದಿಂದ ಗಿಲಕಿಯಂತೆ ಸದ್ದು ಮಾಡುವ ಆ ರ್‍ಯಾಟಲ್‌ಸ್ನೇಕನ್ನು ಅವರೇ ಆರಾಧನೆಯ ಅಂಗವಾಗಿ ಕೈಯಲ್ಲಿ ಹಿಡಿದಿದ್ದರು. ಕಚ್ಚಿದ ಬಳಿಕ ಅವರು ಆಸ್ಪತ್ರೆಗೆ ಹೋಗದೆ ಮನೆಗೆ ತೆರಳಿದರು. ತುರ್ತು ಚಿಕಿತ್ಸಾ ಸಿಬ್ಬಂದಿ ಮನೆಬಾಗಿಲಿಗೆ ಬಂದರೂ ಚಿಕಿತ್ಸೆ ನಡೆಯಲಿಲ್ಲ. ಅದೇ ರಾತ್ರಿ ಅವರು ತೀರಿಕೊಂಡರು. ಆಗ ಅವರಿಗೆ 42 ವರ್ಷ.

ಈ ಪದ್ಧತಿಗೆ ಶತಮಾನದ ಇತಿಹಾಸವಿದೆ. 1910ರ ಆಸುಪಾಸಿನಲ್ಲಿ ಟೆನೆಸ್ಸಿ ರಾಜ್ಯದಲ್ಲಿ ಇದನ್ನು ಪ್ರಚಾರಕ್ಕೆ ತಂದ ಜಾರ್ಜ್ ವೆಂಟ್ ಹೆನ್ಸ್‌ಲಿ ಎಂಬ ಬೋಧಕ ತಾನೂ 1955ರಲ್ಲಿ ಫ್ಲಾರಿಡಾದಲ್ಲಿ ಹಾವು ಕಚ್ಚಿಯೇ ಮರಣ ಹೊಂದಿದ. ಅಪಲಾಚಿಯನ್ ಪರ್ವತ ಸೀಮೆಯ ಈ ಬೆರಳೆಣಿಕೆಯ ಸಭೆಗಳನ್ನು ಮೂಢರ ಗುಂಪೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ತಮ್ಮ ಆಚರಣೆಗೆ ಕೊಡುವ ಆಧಾರ ಯಾವುದೋ ಗುಪ್ತ ಗ್ರಂಥವಲ್ಲ, ಬೈಬಲ್. ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದ 17 ಮತ್ತು 18ನೆಯ ವಚನಗಳಲ್ಲಿ, ನಂಬಿದವರು ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಅವರಿಗೆ ಕೇಡಾಗದು ಎಂಬ ಅರ್ಥದ ಮಾತುಗಳಿವೆ. ಅಕ್ಷರಶಃ ನಂಬಿದವರು ಅಕ್ಷರಶಃ ನಡೆದುಕೊಂಡರು.

ಹಾಗಾದರೆ ಉಳಿದ ಕೋಟ್ಯಂತರ ಕ್ರೈಸ್ತರು ಬೈಬಲನ್ನು ನಂಬುವುದಿಲ್ಲವೇ? ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ನಮ್ಮ ಕೈಯಲ್ಲಿರುವ ಪಠ್ಯ ಮೂಲ ಲೇಖಕರು ಬರೆದುದೇ ಎಂಬುದು ಒಂದು. ಬರೆದುದೇ ಆಗಿದ್ದರೂ ಅದರ ಅರ್ಥವೇನು ಎಂಬುದು ಇನ್ನೊಂದು. ಮೊದಲನೆಯದು ಪಠ್ಯಶೋಧನೆಯ ಕ್ಷೇತ್ರ, ಎರಡನೆಯದು ವ್ಯಾಖ್ಯಾನದ ಕ್ಷೇತ್ರ. ಮಾರ್ಕನ ಆ ಕೊನೆಯ ಹನ್ನೆರಡು ವಚನಗಳು ಎರಡೂ ಕ್ಷೇತ್ರಗಳ ಗಡಿಯಲ್ಲಿ ನಿಂತಿರುವುದರಿಂದ ವಿಷಯವನ್ನು ಅಲ್ಲಿಂದಲೇ ಬಿಡಿಸಿ ನೋಡುವುದು ಅನುಕೂಲ.

ಎಲ್ಲಿ ಮುಗಿಯಿತು ಮಾರ್ಕನ ಸುವಾರ್ತೆ?

ಹೊಸ ಒಡಂಬಡಿಕೆಯ ಯಾವ ಪುಸ್ತಕದ ಮೂಲ ಹಸ್ತಪ್ರತಿಯೂ ಇಂದು ಉಳಿದಿಲ್ಲ. ಉಳಿದಿರುವುದೆಲ್ಲ ಪ್ರತಿಗಳ ಪ್ರತಿಗಳು. ಮುದ್ರಣಯಂತ್ರ ಬರುವವರೆಗೆ ಸುಮಾರು 1,400 ವರ್ಷ ಕಾಲ ಲಿಪಿಕಾರರು ಕೈಯಿಂದಲೇ ನಕಲು ಮಾಡಿದರು. ನಮ್ಮ ತಾಳೆಗರಿಗಳ ಪಾಠಭೇದಗಳ ಬಗ್ಗೆ ತಿಳಿದವರಿಗೆ ಇದರ ಫಲವೇನೆಂದು ಹೇಳಬೇಕಾಗಿಲ್ಲ. ಪಂಪನ ಕಾವ್ಯಕ್ಕೂ ಕುಮಾರವ್ಯಾಸನ ಕಾವ್ಯಕ್ಕೂ ಸಂಪಾದಕರು ಹೇಗೆ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸಿದರೋ ಹಾಗೆಯೇ ಬೈಬಲಿನ ಪಠ್ಯವನ್ನೂ ನಿರ್ಣಯಿಸಬೇಕಾಗುತ್ತದೆ.

ಹೊಸ ಒಡಂಬಡಿಕೆ ಸಂಪೂರ್ಣವಾಗಿ ಉಳಿದಿರುವ ಅತಿ ಪ್ರಾಚೀನ ಗ್ರಂಥ ಕೋಡೆಕ್ಸ್ ಸಿನಾಯಿಟಿಕಸ್. ನಾಲ್ಕನೆಯ ಶತಮಾನದ ಈ ಚರ್ಮಪತ್ರ ಗ್ರಂಥ ಸಿನಾಯಿ ಬೆಟ್ಟದ ಬುಡದ ಸಂತ ಕ್ಯಾಥರೀನ್ ಮಠದಲ್ಲಿತ್ತು. ಜರ್ಮನ್ ವಿದ್ವಾಂಸ ಟಿಶೆನ್‌ಡಾರ್ಫ್ 1844ರಲ್ಲಿ ಅದರ 43 ಹಾಳೆಗಳನ್ನೂ 1859ರಲ್ಲಿ ಉಳಿದ ಬಹುಭಾಗವನ್ನೂ ಕಂಡನು. ರಷ್ಯದ ಚಕ್ರವರ್ತಿಯ ವಶಕ್ಕೆ ಹೋದ ಆ ಭಾಗವನ್ನು ಸೋವಿಯತ್ ಸರ್ಕಾರ 1933ರಲ್ಲಿ ಒಂದು ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿತು. ದೇವರ ಅಸ್ತಿತ್ವವನ್ನೇ ಒಪ್ಪದ ಸರ್ಕಾರವೊಂದು ದೇವರ ಗ್ರಂಥಕ್ಕೆ ಬೆಲೆ ಕಟ್ಟಿದ ಅಪರೂಪದ ಪ್ರಸಂಗವದು. ಅದೇ ಕಾಲದ ಇನ್ನೊಂದು ಮಹತ್ವದ ಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿದೆ.

ಈ ಎರಡೂ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16ನೆಯ ಅಧ್ಯಾಯದ 8ನೆಯ ವಚನಕ್ಕೇ ಮುಗಿದುಬಿಡುತ್ತದೆ. ಬರಿದಾದ ಸಮಾಧಿಯನ್ನು ಕಂಡ ಸ್ತ್ರೀಯರು ನಡುಗುತ್ತ ಓಡಿಹೋಗುತ್ತಾರೆ. ಭಯದಿಂದ ಯಾರಿಗೂ ಏನೂ ಹೇಳುವುದಿಲ್ಲ. ಅಷ್ಟೇ. ಹಾವಿನ ಮಾತೂ ಇಲ್ಲ, ವಿಷದ ಮಾತೂ ಇಲ್ಲ. ನಾಲ್ಕನೆಯ ಶತಮಾನದ ಚರಿತ್ರೆಕಾರ ಯೂಸೇಬಿಯಸ್, ನಿಖರವಾದ ಪ್ರತಿಗಳು ಇಲ್ಲಿಗೇ ನಿಲ್ಲುತ್ತವೆ ಎಂದು ಆಗಲೇ ದಾಖಲಿಸಿದ್ದನು. ಲ್ಯಾಟಿನ್ ಬೈಬಲಿನ ಕರ್ತೃ ಜೆರೋಮನಿಗೂ ಈ ಸಂಗತಿ ತಿಳಿದಿತ್ತು. ಒಳಗಿನ ಸಾಕ್ಷ್ಯವೂ ಇದೆ. 1ನೆಯ ವಚನದಲ್ಲಿ ಬಂದುಹೋದ ಮಗ್ದಲದ ಮರಿಯಳನ್ನು 9ನೆಯ ವಚನ ಹೊಸಬಳೆಂಬಂತೆ ಮತ್ತೆ ಪರಿಚಯಿಸುತ್ತದೆ. ಅಲ್ಲಿಂದ ಮುಂದಿನ ಗ್ರೀಕ್ ಶೈಲಿಯೂ ಬೇರೆ. ಕೆಲವು ಪ್ರತಿಗಳಲ್ಲಂತೂ ಬೇರೆಯೇ ಆದ ಒಂದು ಚಿಕ್ಕ ಮುಕ್ತಾಯ ಕಾಣಸಿಗುತ್ತದೆ. ಹಠಾತ್ತಾಗಿ ನಿಂತ ಕಥೆಯನ್ನು ಯಾರೋ ಪೂರ್ತಿಗೊಳಿಸಲು ಯತ್ನಿಸಿದ್ದಾರೆಂದು ಬಹುಪಾಲು ವಿದ್ವಾಂಸರು ತೀರ್ಮಾನಿಸಿರುವುದು ಇಂಥ ಕಾರಣಗಳಿಂದ.

ಹಾಗೆಂದು ಆ ಹನ್ನೆರಡು ವಚನಗಳು ನಿನ್ನೆ ಮೊನ್ನೆ ಸೇರಿದುವಲ್ಲ. ಎರಡನೆಯ ಶತಮಾನದ ಕೊನೆಯಲ್ಲಿದ್ದ ಇರೇನಿಯಸ್ ಅವುಗಳಲ್ಲೊಂದನ್ನು ಉದ್ಧರಿಸಿದ್ದಾನೆ. ಉಳಿದಿರುವ ಗ್ರೀಕ್ ಪ್ರತಿಗಳಲ್ಲಿ ಅತ್ಯಧಿಕ ಸಂಖ್ಯೆಯವು ಅವುಗಳನ್ನು ಒಳಗೊಂಡಿವೆ. 1546ರ ಟ್ರೆಂಟ್ ಮಹಾಸಭೆಯ ನಿರ್ಣಯದ ಪ್ರಕಾರ ಕ್ಯಾಥೊಲಿಕ್ ಸಭೆ ಅವುಗಳನ್ನು ಧರ್ಮಗ್ರಂಥದ ಭಾಗವೆಂದೇ ಮಾನ್ಯ ಮಾಡುತ್ತದೆ. ಯಾರು ಬರೆದರೆಂಬುದು ಒಂದು ವಿಚಾರ, ಸಭೆ ಸ್ವೀಕರಿಸಿತೆಂಬುದು ಮತ್ತೊಂದು ವಿಚಾರ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಮೇಲೆ ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲೆಂದು ಯೇಸು ಹೇಳಿದ ಪ್ರಸಂಗದ ಕಥೆಯೂ ಇದೇ. ಕ್ರೈಸ್ತರಲ್ಲದವರೂ ಬಲ್ಲ ಆ ಪ್ರಸಂಗ ಯೋಹಾನನ ಸುವಾರ್ತೆಯ ಪ್ರಾಚೀನ ಪ್ರತಿಗಳಲ್ಲಿಲ್ಲ. ಕೆಲವು ಪ್ರತಿಗಳಲ್ಲಿ ಅದು ಲೂಕನ ಸುವಾರ್ತೆಯೊಳಗೆ ಕುಳಿತಿದೆ. ಆದರೂ ಅದನ್ನು ಕೈಬಿಡಲು ಹೆಚ್ಚಿನ ಸಭೆಗಳು ಮನಸ್ಸು ಮಾಡಿಲ್ಲ. ಇಂದಿನ ಹಲವು ಅನುವಾದಗಳು ಈ ಎರಡು ಭಾಗಗಳನ್ನೂ ಆವರಣ ಚಿಹ್ನೆಯೊಳಗಿಟ್ಟು ಅಡಿಟಿಪ್ಪಣಿ ಕೊಡುತ್ತವೆ.

ಲಕ್ಷಗಟ್ಟಲೆ ಪಾಠಾಂತರಗಳು

1707ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ತನ್ನ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಸುಮಾರು 30,000 ಪಾಠಾಂತರಗಳನ್ನು ಪಟ್ಟಿಮಾಡಿ ಪ್ರಕಟಿಸಿದಾಗ ಯುರೋಪಿನ ಧರ್ಮನಿಷ್ಠರು ತತ್ತರಿಸಿದರು. ಈಗ ಆ ಸಂಖ್ಯೆ ಲಕ್ಷಗಳನ್ನು ದಾಟಿದೆ. ಕೇಳಿದವರಿಗೆ ಗಾಬರಿ ಹುಟ್ಟುವುದು ಸಹಜ. ಆದರೆ ಪ್ರತಿಗಳು ಹೆಚ್ಚಿದಷ್ಟೂ ಭೇದಗಳ ಎಣಿಕೆ ಹೆಚ್ಚುತ್ತದೆ. ಭೇದಗಳನ್ನು ತಿದ್ದುವ ಸಾಧನವೂ ಹೆಚ್ಚುತ್ತದೆ. ಒಂದೇ ಪ್ರತಿ ಉಳಿದ ಗ್ರಂಥದಲ್ಲಿ ಪಾಠಾಂತರವೇ ಇರುವುದಿಲ್ಲ, ತಪ್ಪು ಗೊತ್ತಾಗುವ ದಾರಿಯೂ ಇರುವುದಿಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು, ಚೂರುಪಾರು ಸೇರಿ, ಐದು ಸಾವಿರಕ್ಕೂ ಮಿಕ್ಕಿವೆ. ಮ್ಯಾಂಚೆಸ್ಟರಿನ ಗ್ರಂಥಾಲಯದಲ್ಲಿರುವ, 1935ರಲ್ಲಿ ಪ್ರಕಟವಾದ ಯೋಹಾನನ ಸುವಾರ್ತೆಯ ಅಂಗೈಯಗಲದ ಪಪೈರಸ್ ತುಣುಕನ್ನು ಸಾಮಾನ್ಯವಾಗಿ ಎರಡನೆಯ ಶತಮಾನದ್ದೆಂದು ಗಣಿಸಲಾಗುತ್ತದೆ. ಭೇದಗಳಲ್ಲಿ ಬಹುಪಾಲು ಕಾಗುಣಿತದ ವ್ಯತ್ಯಾಸ, ಪದಗಳ ಹಿಂದುಮುಂದು, ಕಣ್ಣು ಜಾರಿ ಬಿಟ್ಟುಹೋದ ಸಾಲು. ಅರ್ಥವನ್ನು ನಿಜವಾಗಿ ಕದಲಿಸುವವು ಕೆಲವೇ. ಆ ಕೆಲವುಗಳಲ್ಲಿ ಮಾರ್ಕನ ಮುಕ್ತಾಯವೂ ಒಂದೆಂಬುದನ್ನು ಮರೆಮಾಚುವುದು ಮಾತ್ರ ಪ್ರಾಮಾಣಿಕತೆಯಲ್ಲ.

ಹಳೆಯ ಒಡಂಬಡಿಕೆಯ ವಿಷಯದಲ್ಲಿ ದೊಡ್ಡ ಪರೀಕ್ಷೆ ಎದುರಾದದ್ದು 1947ರ ಸುಮಾರಿಗೆ. ಮೃತಸಮುದ್ರದ ದಡದ ಕುಮ್ರಾನ್ ಗವಿಗಳಲ್ಲಿ ಕುರಿಗಾಹಿಗಳಿಗೆ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಪುಸ್ತಕದ ಸಂಪೂರ್ಣ ಪ್ರತಿಯೊಂದಿತ್ತು. ಉದ್ದ ಏಳು ಮೀಟರಿಗೂ ಹೆಚ್ಚು. ಕಾಲ ಕ್ರಿಸ್ತಪೂರ್ವ ಎರಡನೆಯ ಶತಮಾನದ ಆಸುಪಾಸು. ಅದುವರೆಗೆ ವಿದ್ವಾಂಸರ ಕೈಯಲ್ಲಿದ್ದ ಸಂಪೂರ್ಣ ಹೀಬ್ರೂ ಬೈಬಲಿನ ಪ್ರತಿ ಕ್ರಿಸ್ತಶಕ 1008ರದು. ನಡುವೆ ಸಾವಿರ ವರ್ಷಗಳ ಕಂದಕ. ಹೋಲಿಸಿ ನೋಡಿದಾಗ ಯೆಶಾಯನ ಪಠ್ಯ, ಕಾಗುಣಿತದ ಮತ್ತು ಅಲ್ಲಲ್ಲಿ ಪದಗಳ ವ್ಯತ್ಯಾಸ ಬಿಟ್ಟರೆ, ಮೂಲತಃ ಅದೇ ಆಗಿತ್ತು. ಬೋಧಕರು ಇದನ್ನು ಪದೇ ಪದೇ ಹೇಳುತ್ತಾರೆ. ಅವರು ಅಷ್ಟಾಗಿ ಹೇಳದ ಇನ್ನೊಂದು ಸಂಗತಿಯೂ ಅದೇ ಗವಿಗಳಿಂದ ಬಂದಿದೆ. ಯೆರೆಮೀಯನ ಪುಸ್ತಕದ ಗ್ರೀಕ್ ಅನುವಾದ ಹೀಬ್ರೂ ಪಾಠಕ್ಕಿಂತ ಏಳೆಂಟನೆಯ ಒಂದು ಪಾಲಿನಷ್ಟು ಕಿರಿದು. ಅಧ್ಯಾಯಗಳ ಕ್ರಮವೂ ಭಿನ್ನ. ಅನುವಾದಕರೇ ಕತ್ತರಿಸಿರಬೇಕೆಂಬ ಊಹೆಯಿತ್ತು. ಕುಮ್ರಾನಿನಲ್ಲಿ ಆ ಕಿರಿಯ ರೂಪಕ್ಕೆ ಹೊಂದುವ ಹೀಬ್ರೂ ತುಣುಕುಗಳೇ ದೊರೆತವು. ಅಂದರೆ ಯೇಸುವಿನ ಕಾಲಕ್ಕೆ ಮುಂಚೆ ಯೆರೆಮೀಯನ ಎರಡು ಪಾಠಗಳು ಏಕಕಾಲಕ್ಕೆ ಚಲಾವಣೆಯಲ್ಲಿದ್ದವು.

ಒಂದೇ ಸಾಕ್ಷ್ಯ ಇಬ್ಬರನ್ನು ಎರಡು ಕಡೆಗೆ ಒಯ್ದ ನಿದರ್ಶನವೂ ಉಂಟು. ಪ್ರಿನ್ಸ್‌ಟನ್ನಿನ ಬ್ರೂಸ್ ಮೆಟ್ಸ್‌ಗರ್ ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ಪಠ್ಯಶೋಧಕರಲ್ಲೊಬ್ಬರು. 2007ರಲ್ಲಿ ನಿಧನರಾಗುವವರೆಗೂ ವಿಶ್ವಾಸಿಯಾಗಿಯೇ ಉಳಿದರು. ಅವರ ಶಿಷ್ಯ ಬಾರ್ಟ್ ಅರ್ಮನ್, ಲಿಪಿಕಾರರ ತಿದ್ದುಪಡಿಗಳನ್ನು ಕುರಿತ ತಮ್ಮ ಜನಪ್ರಿಯ ಪುಸ್ತಕವನ್ನು 2005ರಲ್ಲಿ ಪ್ರಕಟಿಸುವ ಹೊತ್ತಿಗೆ ನಂಬಿಕೆಯನ್ನು ತೊರೆದಿದ್ದರು. ಅದೇ ವರ್ಷ ಗುರುಶಿಷ್ಯರಿಬ್ಬರೂ ಸೇರಿ ಮೆಟ್ಸ್‌ಗರ್ ಅವರ ಪಠ್ಯಪುಸ್ತಕದ ಹೊಸ ಆವೃತ್ತಿಯನ್ನು ಹೊರತಂದರು ಎಂಬುದು ಗಮನಾರ್ಹ.

ಬೆಂಗೆಲ್, 1836 ಮತ್ತು ಮಂಗಳೂರು

ಜಾನ್ ಮಿಲ್‌ನ ಪಟ್ಟಿಯಿಂದ ಕಂಗೆಟ್ಟವರಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ ಎಂಬ ವಿದ್ಯಾರ್ಥಿಯೂ ಇದ್ದನು. ಸಂದೇಹ ಅವನನ್ನು ನಾಸ್ತಿಕನನ್ನಾಗಿಸಲಿಲ್ಲ, ಸಂಶೋಧಕನನ್ನಾಗಿಸಿತು. 1734ರಲ್ಲಿ ಆತ ಹೊರತಂದ ಗ್ರೀಕ್ ಹೊಸ ಒಡಂಬಡಿಕೆಯ ಸಂಪಾದನೆ ಪಠ್ಯಶೋಧನೆಗೆ ಹೊಸ ದಾರಿ ತೋರಿತು. ಎರಡು ಪಾಠಗಳಲ್ಲಿ ಕಠಿಣವಾದುದೇ ಮೂಲವಿರುವ ಸಂಭವ ಹೆಚ್ಚು, ಏಕೆಂದರೆ ಲಿಪಿಕಾರ ಕಠಿಣವನ್ನು ಸರಳ ಮಾಡುವನೇ ಹೊರತು ಸರಳವನ್ನು ಕಠಿಣ ಮಾಡನು ಎಂಬ ಆತನ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿಗಳನ್ನು ಸುಮ್ಮನೆ ಎಣಿಸದೆ ಅವುಗಳನ್ನು ಕುಟುಂಬಗಳಾಗಿ ವಿಂಗಡಿಸಿ ತೂಗಬೇಕೆಂದು ಹೇಳಿದವರಲ್ಲಿ ಅವನು ಮೊದಲಿಗ.

ಇಷ್ಟು ಎಚ್ಚರದ ಪಂಡಿತ ವ್ಯಾಖ್ಯಾನದಲ್ಲಿ ಎಡವಿದ. ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, 1836ರಲ್ಲಿ ಸಹಸ್ರವರ್ಷದ ದೈವರಾಜ್ಯ ತೊಡಗುವುದೆಂದು ಲೆಕ್ಕ ಹಾಕಿದ. ಆ ಹೊತ್ತಿಗೆ ಅವನು ಸತ್ತು 84 ವರ್ಷವಾಗಿತ್ತು. 1836 ಬಂತು, ಹೋಯಿತು. ಲೋಕ ಇದ್ದಂತೆಯೇ ಇತ್ತು. ಕಾಕತಾಳೀಯವೆಂದರೆ ಅದೇ ವರ್ಷ ವ್ಯೂರ್ಟೆಂಬರ್ಗಿನ ಇನ್ನೊಬ್ಬ ಯುವಕ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದಿಳಿದ. ಅವನೇ ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದವನು. ಬೆಂಗೆಲ್ ಕಾದಿದ್ದ ದೈವರಾಜ್ಯ ಬರಲಿಲ್ಲ. ಕನ್ನಡಕ್ಕೆ ಪತ್ರಿಕೆ ಬಂತು.

ಪ್ರಕಟನೆ ಗ್ರಂಥದ ಮೃಗ, ಮುದ್ರೆ, ತುತೂರಿಗಳೆಲ್ಲ ರೋಮ್ ಸಾಮ್ರಾಜ್ಯದ ಹಿಂಸೆಯ ನಡುವೆ ಬದುಕುತ್ತಿದ್ದ ಜನರಿಗೆ ಸಂಕೇತದ ಭಾಷೆಯಲ್ಲಿ ಬರೆದ ಧೈರ್ಯದ ಮಾತುಗಳೆಂದು ಹೆಚ್ಚಿನ ವ್ಯಾಖ್ಯಾನಕಾರರು ಭಾವಿಸುತ್ತಾರೆ. ಅಲ್ಲಮನ ಬೆಡಗಿನ ವಚನವನ್ನು ಪಂಚಾಂಗದಂತೆ ಓದಿದರೆ ಏನಾದೀತೋ ಪ್ರಕಟನೆಯನ್ನು ಗಣಿತದಂತೆ ಓದಿದರೂ ಅದೇ ಆಗುತ್ತದೆ. ಕೀರ್ತನೆ ಕಾವ್ಯ, ಜ್ಞಾನೋಕ್ತಿ ಗಾದೆಗಳ ಸಂಗ್ರಹ, ಪೌಲನವು ಪತ್ರಗಳು. ಯಾವ ಪ್ರಕಾರದ ಬರಹವೆಂಬುದನ್ನು ಗುರುತಿಸುವುದು ವ್ಯಾಖ್ಯಾನದ ಮೊದಲ ಮೆಟ್ಟಿಲು.

ಅನುವಾದವೂ ಒಂದು ವ್ಯಾಖ್ಯಾನವೇ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲ್ಗೊಂಡು ಹಲವರ ದುಡಿಮೆಯಿಂದ ರೂಪುಗೊಂಡ ಕನ್ನಡ ಸತ್ಯವೇದದಲ್ಲಿ ದಹನಬಲಿ ‘ಸರ್ವಾಂಗಹೋಮ’ವಾಯಿತು, ಗ್ರೀಕಿನಲ್ಲಿ ಮುಳುಗಿಸುವುದೆಂಬ ಮೂಲಾರ್ಥದ ಶಬ್ದ ‘ದೀಕ್ಷಾಸ್ನಾನ’ವಾಯಿತು, ಯೆಹೂದ್ಯ ಧರ್ಮಶಾಸ್ತ್ರದ ಪಂಡಿತರು ‘ಶಾಸ್ತ್ರಿಗಳು’ ಆದರು. ಶಬ್ದಗಳು ಅಂದವಾಗಿವೆ, ನೆಲೆಗೊಂಡಿವೆ. ಆದರೆ ಹೋಮವೆಂದಾಗ ಕನ್ನಡಿಗನ ಕಣ್ಣೆದುರು ಬರುವ ಚಿತ್ರ ಯೆರೂಸಲೇಮಿನ ದೇವಾಲಯದ್ದಲ್ಲ. ದೀಕ್ಷೆಯೆಂದಾಗ ಗುರುಶಿಷ್ಯ ಪರಂಪರೆಯ ನೆನಪು ತಾನಾಗಿ ಒಳಬರುತ್ತದೆ.

ಗೋಡೆಯ ಮೇಲಿನ ವಚನ

ಬೆಂಗಳೂರಾಗಲಿ ಮಂಗಳೂರಾಗಲಿ, ಅನೇಕ ಸಭೆಗಳಲ್ಲಿ ಹೊಸವರ್ಷದಂದು ವಾಗ್ದಾನದ ವಚನ ಕೊಡುವ ರೂಢಿಯಿದೆ. ವರ್ಷವಿಡೀ ಅದು ಕ್ಯಾಲೆಂಡರಿನಲ್ಲಿ ತೂಗಾಡುತ್ತದೆ. ಇಂಥವುಗಳಲ್ಲಿ ಅಚ್ಚುಮೆಚ್ಚಿನದು ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನ. ನಿಮ್ಮ ಕುರಿತ ದೇವರ ಆಲೋಚನೆಗಳು ಹಿತದವು, ಕೇಡಿನವಲ್ಲ ಎಂಬುದು ಅದರ ಸಾರ. ಕೆಲಸ ಹುಡುಕುವವರು, ವೀಸಾಕ್ಕೆ ಕಾದಿರುವವರು, ಪರೀಕ್ಷೆ ಬರೆಯುವವರು ಅದನ್ನು ತಮಗೆ ಬಂದ ಪತ್ರದಂತೆ ಓದುತ್ತಾರೆ.

ಅದು ನಿಜಕ್ಕೂ ಪತ್ರವೇ. ಆದರೆ ವಿಳಾಸ ಬೇರೆ. ದೊರೆ ನೆಬೂಕದ್ನೆಚ್ಚರನು ಬಾಬೆಲಿಗೆ ಸೆರೆಯೊಯ್ದ ಯೆಹೂದ್ಯರಿಗೆ ಯೆರೆಮೀಯ ಯೆರೂಸಲೇಮಿನಿಂದ ಬರೆದದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ಮರಳುವರೆಂದು ಜನರಿಗೆ ಆಸೆ ಹುಟ್ಟಿಸಿರುತ್ತಾನೆ. ಅವನು ಸುಳ್ಳು ಪ್ರವಾದಿಯೆಂದು ಯೆರೆಮೀಯ ಸಾರುತ್ತಾನೆ. ಬಳಿಕ ಈ ಪತ್ರ: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಬಿಡುಗಡೆ ಎಪ್ಪತ್ತು ವರ್ಷದ ಮೇಲೆ. ಪತ್ರ ಕೇಳಿದ ವಯಸ್ಕರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಬೇಗನೆ ಸಿಗುವ ಸುಖದ ಭರವಸೆಯನ್ನು ಖಂಡಿಸಲೆಂದೇ ಹುಟ್ಟಿದ ವಚನ ಇಂದು ಬೇಗನೆ ಸಿಗುವ ಸುಖದ ಭರವಸೆಯಾಗಿ ಗೋಡೆಯೇರಿದೆ. ದುಃಖದಲ್ಲಿರುವವರು ಅದರಿಂದ ಸಾಂತ್ವನ ಪಡೆಯಬಾರದೆಂದು ಯಾರೂ ಹೇಳಲಾರರು. ಆದರೆ ಇಡೀ ಪತ್ರವನ್ನು ಓದಿದವರಿಗೆ ಸಿಗುವ ಸಾಂತ್ವನದ ಬಗೆ ಬೇರೆ.

ವಚನಗಳನ್ನು ಹೀಗೆ ಕೀಳುವುದು ಸುಲಭವಾದುದಕ್ಕೆ ಅಂಕಿಗಳೂ ಕಾರಣ. ಅಧ್ಯಾಯ ವಿಭಾಗ ಹದಿಮೂರನೆಯ ಶತಮಾನದ್ದು. ಇಂದು ಬಳಕೆಯಲ್ಲಿರುವ ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ಮುದ್ರಕ ರಾಬರ್ಟ್ ಎಸ್ಟಿಯೆನ್ ಹಾಕಿದ್ದು 1551ರಲ್ಲಿ. ಪೌಲನು ತನ್ನ ಪತ್ರಗಳನ್ನು ಅಂಕಿ ಹಾಕಿ ಬರೆಯಲಿಲ್ಲ.

ಕಿತ್ತು ಓದುವುದರ ಅತಿ ಕ್ರೂರ ನಿದರ್ಶನ 1807ರದು. ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಲಂಡನ್ನಿನಲ್ಲಿ ಅಚ್ಚಾದ ಬೈಬಲಿನ ಆಯ್ದ ಭಾಗಗಳ ಪುಸ್ತಕದಲ್ಲಿ, ಐಗುಪ್ತದ ದಾಸತ್ವದಿಂದ ಇಸ್ರಾಯೇಲ್ಯರು ಬಿಡುಗಡೆ ಪಡೆದ ಕಥೆಯೇ ಇರಲಿಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲವೆಂಬ ಗಲಾತ್ಯದವರ ಪತ್ರದ ಮಾತು ಇರಲಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸದವರ ಪತ್ರದ ಮಾತು ಇತ್ತು. ಪಠ್ಯದ ಒಂದಕ್ಷರವನ್ನೂ ತಿದ್ದದೆ ಪಠ್ಯವನ್ನೇ ತಲೆಕೆಳಗು ಮಾಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಮೆರಿಕದಲ್ಲಿ ಗುಲಾಮರ ಒಡೆಯರು ಧರ್ಮಪ್ರಚಾರಕರಾಗಬಹುದೇ ಎಂಬ ಜಗಳದಿಂದ 1845ರಲ್ಲಿ ಪ್ರತ್ಯೇಕವಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ, ಗುಲಾಮಗಿರಿಯನ್ನು ಸಮರ್ಥಿಸಿದ್ದಕ್ಕೆ ಕ್ಷಮೆ ಕೋರಿದ್ದು 1995ರಲ್ಲಿ. ನಡುವೆ ಒಂದೂವರೆ ಶತಮಾನ.

ಯಾರು ನಿರ್ಣಯಿಸಬೇಕು? ಇಲ್ಲಿ ಸಭೆಗಳ ಹಾದಿ ಕವಲೊಡೆಯುತ್ತದೆ. ಧರ್ಮಗ್ರಂಥವನ್ನು ಸಭೆಯ ಪರಂಪರೆ ಮತ್ತು ಬೋಧನಾಧಿಕಾರದ ಜೊತೆಗಿಟ್ಟು ಓದಬೇಕೆಂಬುದು ಕ್ಯಾಥೊಲಿಕ್ ನಿಲುವು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಲೇಖಕನ ಕಾಲ ಮತ್ತು ಬರಹದ ಪ್ರಕಾರಗಳನ್ನು ಗಮನಿಸಿಯೇ ಅರ್ಥ ಹುಡುಕಬೇಕೆಂದು ಸ್ಪಷ್ಟಪಡಿಸಿತು. ಗ್ರಂಥವೇ ಪರಮಪ್ರಮಾಣವೆಂದ ಲೂಥರನ ಹಾದಿಯ ಪ್ರಾಟೆಸ್ಟಂಟರು, ಅಸ್ಪಷ್ಟ ಭಾಗವನ್ನು ಸ್ಪಷ್ಟ ಭಾಗದ ಬೆಳಕಿನಲ್ಲಿ ಓದಬೇಕೆನ್ನುತ್ತಾರೆ. ಬೈಬಲಿನಲ್ಲಿ ಯಾವ ದೋಷವೂ ಇಲ್ಲವೆಂದು ಸಾರಿದ 1978ರ ಷಿಕಾಗೊ ಘೋಷಣೆ ಕೂಡ ಆ ನಿರ್ದೋಷತೆಯನ್ನು ಮೂಲ ಹಸ್ತಪ್ರತಿಗಳಿಗೆ ಅನ್ವಯಿಸಿತು. ಕಾವ್ಯವನ್ನು ಕಾವ್ಯವಾಗಿ, ರೂಪಕವನ್ನು ರೂಪಕವಾಗಿ ಓದಬೇಕೆಂದೂ ಒಪ್ಪಿತು. ಅತ್ಯಂತ ಸಂಪ್ರದಾಯಸ್ಥರೂ ಹಾವು ಹಿಡಿಯುವವರ ಅಕ್ಷರನಿಷ್ಠೆಗೆ ಸಹಿ ಹಾಕಿಲ್ಲ.

ಹಾವಿನ ಪ್ರಶ್ನೆಗೆ ಬೈಬಲಿನೊಳಗೇ ಉತ್ತರವಿದೆಯೆಂಬುದು ಈ ಪ್ರಕರಣದ ವಿಶೇಷ. ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು ಕೆಳಗೆ ಧುಮುಕೆನ್ನುವ ಪ್ರಸಂಗ ಮತ್ತಾಯ, ಲೂಕ ಇಬ್ಬರಲ್ಲೂ ಬರುತ್ತದೆ. ಧುಮುಕಲು ಸೈತಾನ ಕೊಡುವ ಆಧಾರ ಶುದ್ಧ ಶಾಸ್ತ್ರವಾಕ್ಯ: ದೂತರು ಕಾಪಾಡುವರೆಂಬ 91ನೆಯ ಕೀರ್ತನೆಯ 11 ಮತ್ತು 12ನೆಯ ವಚನಗಳು. ಯೇಸು ಆ ವಾಕ್ಯ ಸುಳ್ಳೆನ್ನುವುದಿಲ್ಲ. ದೇವರನ್ನು ಪರೀಕ್ಷಿಸಬಾರದೆಂಬ ಧರ್ಮೋಪದೇಶಕಾಂಡದ ಇನ್ನೊಂದು ವಾಕ್ಯವನ್ನು ಎದುರಿಡುತ್ತಾನೆ. ಸೈತಾನ ಉದ್ಧರಿಸದೆ ಬಿಟ್ಟ ಅದೇ ಕೀರ್ತನೆಯ ಮುಂದಿನ ವಚನ, 13ನೆಯದು, ಸಿಂಹವನ್ನೂ ಸರ್ಪವನ್ನೂ ತುಳಿಯುವುದರ ಬಗ್ಗೆ ಇದೆ. ಅಪೊಸ್ತಲರ ಕೃತ್ಯಗಳ ಪ್ರಕಾರ ಮಾಲ್ಟಾ ದ್ವೀಪದಲ್ಲಿ ಪೌಲನ ಕೈಗೂ ಹಾವು ಸುತ್ತಿಕೊಂಡಿತ್ತು. ಸೌದೆ ಆಯುವಾಗ ಅಕಸ್ಮಾತ್ತಾಗಿ ಬಂದ ಹಾವು. ಅವನು ಅದನ್ನು ಬೆಂಕಿಗೆ ಜಾಡಿಸಿದ. ಹುಡುಕಿಕೊಂಡು ಹೋಗಿ ಇನ್ನೊಂದನ್ನು ಹಿಡಿದು ತರಲಿಲ್ಲ.

ಆರಾಧನೆಯಲ್ಲಿ ಹಾವು ಬಳಸುವುದನ್ನು ಕೆಂಟಕಿ ರಾಜ್ಯ 1940ರಲ್ಲಿಯೇ ಕಾನೂನಿನಿಂದ ನಿಷೇಧಿಸಿತ್ತು, ಟೆನೆಸ್ಸಿ 1947ರಲ್ಲಿ. ಆದರೂ ಆಚರಣೆ ನಿಂತಿಲ್ಲ. ಆ ಸಭೆಗಳು ಓದುವುದು 1611ರ ಕಿಂಗ್ ಜೇಮ್ಸ್ ಅನುವಾದವನ್ನು. ಸಿನಾಯಿಟಿಕಸ್ ಪ್ರತಿ ಯುರೋಪಿನ ಕಣ್ಣಿಗೆ ಬೀಳುವ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಸಿದ್ಧವಾದ ಆ ಅನುವಾದದಲ್ಲಿ ಮಾರ್ಕನ ಕೊನೆಯ ಹನ್ನೆರಡು ವಚನಗಳ ಸುತ್ತ ಆವರಣ ಚಿಹ್ನೆಯೂ ಇಲ್ಲ, ಸಂದೇಹದ ಟಿಪ್ಪಣಿಯೂ ಇಲ್ಲ.